ಸಹಿ ಹಾಕುವ ಮೊದಲು, ಸಹಿ ಕೇಳುವ ಮೊದಲು



ಸಂಘಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಆಮೇಲೆ ವಾರದ ಸಭೆಯಲ್ಲಿ ಮಕ್ಕಳ ಸ್ಲೇಟು ಹಿಡಿದು ಹೆಸರು ಬರೆಯಲು ಕಲಿತೆವು. ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಹಾಕಿದ ದಿನ ಕೈ ನಡುಗಿದ್ದು ಯಾರಿಗೂ ಮರೆತಿರಲಿಕ್ಕಿಲ್ಲ. ಈಗಲೂ ಸಾಲದ ಪತ್ರಕ್ಕೆ ಸಹಿ ಹಾಕುವಾಗ ಬಡ್ಡಿ ಎಷ್ಟು, ಕಂತು ಎಷ್ಟು ಅಂತ ಹತ್ತು ಸಲ ಕೇಳುತ್ತೇವೆ. ಆದರೆ ಯಾರೋ ಒಂದು ಹಾಳೆ ಹಿಡಿದು ಬಂದು "ಅಕ್ಕಾ, ಇದಕ್ಕೊಂದು ಸೈನ್ ಹಾಕಿ" ಅಂದರೆ ಓದದೆಯೇ ಹಾಕಿಬಿಡುತ್ತೇವೆ. ಅದೂ ಸಹಿಯೇ ಅಲ್ಲವೇ?

ಹಲವರು ಸೇರಿ ಒಂದೇ ಬೇಡಿಕೆಯ ಕೆಳಗೆ ಸಹಿ ಹಾಕಿ ಸರಕಾರಕ್ಕೆ ಕೊಡುವುದನ್ನು ಸಹಿ ಸಂಗ್ರಹ ಅಭಿಯಾನ ಅನ್ನುತ್ತೇವೆ. ಮತ ಹಾಕುವುದು ಐದು ವರ್ಷಕ್ಕೊಮ್ಮೆ. ನಡುವಿನ ದಿನಗಳಲ್ಲಿ ನಮ್ಮ ಮಾತು ಮುಟ್ಟಿಸಲು ಇದು ಖರ್ಚಿಲ್ಲದ, ಗಲಾಟೆಯಿಲ್ಲದ ದಾರಿ. ಆದರೆ ಸುಲಭದ ದಾರಿ ಅಂತ ತಿಳಿದರೆ ಮೋಸ ಹೋಗುತ್ತೇವೆ. ನಾವೇ ಒಮ್ಮೆ ಹೋಗಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಯಕ್ಷೇತ್ರದ ಒಂದು ಊರಿನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲೇ ಮದ್ಯದಂಗಡಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ನಾಲ್ಕು ಸಂಘದವರು ಸೇರಿ ಎರಡೇ ದಿನದಲ್ಲಿ ಮುನ್ನೂರು ಸಹಿ ಒಟ್ಟು ಮಾಡಿದೆವು. ಬಹಳ ಹೆಮ್ಮೆಯಿಂದ ಕಚೇರಿಗೆ ಹೋದೆವು. ಸಾಹೇಬರು ಹಾಳೆ ತಿರುವುತ್ತಾ ಒಂದು ಕಡೆ ಬೆರಳಿಟ್ಟು ನಿಂತರು. ಒಂದೇ ಮನೆಯ ಏಳು ಜನರ ಸಹಿ, ಒಂದೇ ಕೈಬರಹ. ಇನ್ನೊಂದು ಹಾಳೆಯಲ್ಲಿ ತೀರಿಹೋದ ಅಜ್ಜಿಯೊಬ್ಬರ ಹೆಸರು. "ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು, ನೀವೇ ಹೇಳಿ" ಅಂದರು. ನಮ್ಮ ಬಳಿ ಉತ್ತರ ಇರಲಿಲ್ಲ. ಬಿಸಿಲಿನಲ್ಲಿ ನಡೆದು ಪಡೆದ ನಿಜವಾದ ಸಹಿಗಳೂ ಆ ಸುಳ್ಳಿನ ಜೊತೆಗೇ ನೀರುಪಾಲಾದವು. ತಪ್ಪು ನಮ್ಮದೇ. ಸಂಖ್ಯೆ ದೊಡ್ಡದಾಗಲಿ ಅಂತ ಅವಸರ ಮಾಡಿದವರು ನಾವು.

ಈ ಪೆಟ್ಟು ತಿಂದವರು ನಾವು ಮೊದಲಿಗರೇನೂ ಅಲ್ಲ. 1848ರಲ್ಲಿ ಇಂಗ್ಲೆಂಡಿನ ಕಾರ್ಮಿಕರು ತಮಗೂ ಮತದ ಹಕ್ಕು ಬೇಕೆಂದು ಪಾರ್ಲಿಮೆಂಟಿಗೆ ಭಾರೀ ಮನವಿ ಕೊಟ್ಟರು. ಚಾರ್ಟಿಸ್ಟರು ಎಂದು ಅವರಿಗೆ ಹೆಸರು. ಐವತ್ತು ಲಕ್ಷಕ್ಕೂ ಹೆಚ್ಚು ಸಹಿ ಇದೆ ಎಂದು ನಾಯಕರು ಹೇಳಿಕೊಂಡಿದ್ದರು. ಗುಮಾಸ್ತರು ಎಣಿಸಿದಾಗ ಸಿಕ್ಕಿದ್ದು ಇಪ್ಪತ್ತು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲೂ ಯಾರೋ ತಮಾಷೆಗೆ ಬರೆದ ವಿಕ್ಟೋರಿಯಾ ರಾಣಿಯ ಹೆಸರು! ಹತ್ತೊಂಬತ್ತು ಲಕ್ಷ ಸಹಿ ಸಣ್ಣ ಮಾತೇ? ಆದರೂ ಸಭೆಯಲ್ಲಿ ನಗೆಪಾಟಲಾಯಿತು. ಬೇಡಿಕೆಯ ಮಾತು ಹಿಂದೆ ಸರಿಯಿತು, ಸುಳ್ಳು ಸಹಿಯ ಮಾತೇ ಮುಂದೆ ಬಂತು.

ಸರಿಯಾಗಿ ಮಾಡಿದ ಹೆಂಗಸರ ಕಥೆಯೂ ಇದೆ. ನ್ಯೂಜಿಲೆಂಡ್ ದೇಶದಲ್ಲಿ ಕುಡಿತದಿಂದ ಮನೆಗಳು ಹಾಳಾಗುವುದನ್ನು ಕಂಡ ಮಹಿಳೆಯರು 1885ರಲ್ಲಿ ಪಾನನಿರೋಧ ಸಂಘ ಕಟ್ಟಿದರು. ಮತವಿಲ್ಲದವರ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬೇಗನೇ ಗೊತ್ತಾಯಿತು. ಹಾಗಾಗಿ ಮೊದಲು ಮತದ ಹಕ್ಕೇ ಬೇಕು ಎಂದು ಹೊರಟರು. ಕೇಟ್ ಶೆಪರ್ಡ್ ಎಂಬವರು ಮುಂದಾಳು. 1891ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಹಿ ಆಯಿತು, ಕಾನೂನು ಆಗಲಿಲ್ಲ. 1892ರಲ್ಲಿ ಸುಮಾರು ಇಪ್ಪತ್ತು ಸಾವಿರ, ಆಗಲೂ ಆಗಲಿಲ್ಲ. ನಮ್ಮಲ್ಲಾದರೆ "ಸಾಕು ಮಾರಾಯ್ತಿ, ಇದು ಆಗುವ ಕೆಲಸ ಅಲ್ಲ" ಎಂದು ಮನೆಗೆ ಹೋಗುತ್ತಿದ್ದೆವೋ ಏನೋ. ಅವರು ಮತ್ತೆ ಮನೆ ಮನೆ ಹತ್ತಿದರು. 1893ರಲ್ಲಿ ಸುಮಾರು 32,000 ಸಹಿ ಬಂತು. ಹೆಸರಿನ ಎದುರು ವಾಸದ ಊರನ್ನೂ ಬರೆಸಿದ್ದರು. ಬೇಕಾದವರು ಹೋಗಿ ಕೇಳಬಹುದಿತ್ತು.

ದೇಶದ ಮೂಲೆ ಮೂಲೆಯಿಂದ ಬಂದ ಐನೂರಕ್ಕೂ ಹೆಚ್ಚು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಪೊರಕೆಯ ಕೋಲಿಗೆ ಸುತ್ತಿದರು. ಹೌದು, ಮನೆ ಗುಡಿಸುವ ಪೊರಕೆಯ ಕೋಲೇ. ಸುರುಳಿಯ ಉದ್ದ ಸುಮಾರು 270 ಮೀಟರ್. ಪಾರ್ಲಿಮೆಂಟಿನಲ್ಲಿ ಜಾನ್ ಹಾಲ್ ಎಂಬ ಸದಸ್ಯರು ಅದನ್ನು ನೆಲದ ಮೇಲೆ ಉರುಳಿಸಿಬಿಟ್ಟಾಗ ಬಿಚ್ಚಿಕೊಳ್ಳುತ್ತಾ ಹೋಗಿ ಆಚೆ ಗೋಡೆಗೆ ಬಡಿಯಿತಂತೆ. ಇತ್ತ ಮತದ ಹಕ್ಕು ಕೊಡಬಾರದು ಎನ್ನುವವರೂ ಹೆಂಡದಂಗಡಿಗಳಲ್ಲಿ ಎದುರು ಸಹಿ ಸಂಗ್ರಹಿಸಿದ್ದರು. ಅದರಲ್ಲಿ ಸುಳ್ಳು ಸಹಿಗಳು, ಮೋಸದಿಂದ ಪಡೆದ ಸಹಿಗಳು ಬಯಲಾಗಿ ಅವರದೇ ಮಾನ ಹೋಯಿತು.

ಆದರೆ ಸುರುಳಿಯೊಂದೇ ಎಲ್ಲವನ್ನೂ ಮಾಡಲಿಲ್ಲ, ಇದನ್ನು ಮರೆಯಬಾರದು. ಸಭೆ, ಭಾಷಣ, ಪತ್ರಿಕೆಗೆ ಬರೆಯುವುದು, ಸದಸ್ಯರನ್ನು ಕಂಡು ಮಾತಾಡುವುದು, ಎಲ್ಲ ಜೊತೆಗೇ ನಡೆದಿತ್ತು. ಕೊನೆಗೆ ಮೇಲ್ಮನೆಯಲ್ಲಿ 20ಕ್ಕೆ 18, ಅಂದರೆ ಎರಡೇ ಮತಗಳ ಅಂತರದಲ್ಲಿ ಗೆದ್ದರು. 1893ರ ಸೆಪ್ಟೆಂಬರ್ 19ರಂದು ಕಾನೂನಾಯಿತು. ಅದೇ ನವೆಂಬರಿನ ಚುನಾವಣೆಯಲ್ಲಿ ಸುಮಾರು 90,000 ಹೆಂಗಸರು ಮತ ಹಾಕಿದರು. ಚುನಾವಣೆಗೆ ನಿಲ್ಲುವ ಹಕ್ಕು ಸಿಗಲು ಮಾತ್ರ 1919ರವರೆಗೆ ಕಾಯಬೇಕಾಯಿತು.

ಇನ್ನು ನಮ್ಮ ವಿಷಯ. ಸಹಿ ಸಂಗ್ರಹಕ್ಕೆ ಹೊರಡುವ ಮೊದಲು ಸಂಘದ ಸಭೆಯಲ್ಲಿ ಕುಳಿತು ಬೇಡಿಕೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಯಾರಿಗೆ ಕೊಡುವುದು, ಏನು ಬೇಕು ಎಂಬುದು ಸ್ಪಷ್ಟವಿರಲಿ. ಆ ನಾಲ್ಕು ಸಾಲು ಪ್ರತಿ ಹಾಳೆಯ ಮೇಲೂ ಇರಬೇಕು. ಖಾಲಿ ಹಾಳೆಗೆ ಸಹಿ ಹಾಕಲೂ ಬೇಡಿ, ಹಾಕಿಸಲೂ ಬೇಡಿ. ಅದನ್ನು ನಾಳೆ ಯಾವ ಕಾಗದಕ್ಕೆ ಪಿನ್ ಹೊಡೆಯುತ್ತಾರೋ ಗೊತ್ತಾಗುವುದಿಲ್ಲ. ಹೆಸರು, ಊರು, ತಾರೀಕು ಸಾಕು. ಆಧಾರ್ ನಂಬರು, ಬ್ಯಾಂಕ್ ಖಾತೆ ನಂಬರು ಯಾರಾದರೂ ಕೇಳಿದರೆ ಕೊಡಬೇಡಿ. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಿ, ಪಕ್ಕದಲ್ಲಿ ಹೆಸರು ಬರೆದು, ಓದಿ ಹೇಳಿದವರೂ ಸಹಿ ಮಾಡಿ.

ಸಹಿ ಹಾಕಲು ಒಲ್ಲೆ ಎನ್ನುವವರೂ ಇರುತ್ತಾರೆ. ಗಂಡನ ಕೂಲಿ ಅದೇ ಅಂಗಡಿಯ ಧಣಿಯ ಕೈಯಲ್ಲಿರಬಹುದು, ರಾತ್ರಿ ಮನೆಯಲ್ಲಿ ಪೆಟ್ಟು ಬೀಳಬಹುದು. ಒತ್ತಾಯ ಮಾಡಬೇಡಿ, ಆಡಿಕೊಳ್ಳಲೂ ಬೇಡಿ. ಅವರ ಮನೆಯ ಜಗಲಿಯಲ್ಲಿ ಹತ್ತು ನಿಮಿಷ ಕುಳಿತು ಮಾತಾಡಿದ್ದೂ ಅಭಿಯಾನದ ಕೆಲಸವೇ.

ಮನವಿ ಕೊಡುವಾಗ ಒಂದು ಜೆರಾಕ್ಸ್ ಪ್ರತಿಯ ಮೇಲೆ ತಾರೀಕು, ಮೊಹರು ಹಾಕಿಸಿಕೊಂಡು ಸಂಘದ ಫೈಲಿನಲ್ಲಿಡಿ. ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ "ನಮ್ಮ ಮನವಿಯ ಮೇಲೆ ಏನು ಕ್ರಮವಾಗಿದೆ" ಎಂದು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ಪಂಚಾಯತ್ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ಗ್ರಾಮಸಭೆಯ ಸದಸ್ಯರಲ್ಲಿ, ಅಂದರೆ ಊರಿನ ಮತದಾರರಲ್ಲಿ, ನೂರಕ್ಕೆ ಹತ್ತು ಮಂದಿ ವಿಷಯ ಬರೆದು ಕೇಳಿಕೊಂಡರೆ ವಿಶೇಷ ಗ್ರಾಮಸಭೆ ಕರೆಯಬೇಕು. ಇಲ್ಲಿ ಸಹಿಯ ಎಣಿಕೆಗೇ ಬಲ ಇದೆ, ಆದ್ದರಿಂದ ಮತದಾರರ ಪಟ್ಟಿ ಎದುರಿಗಿಟ್ಟುಕೊಂಡೇ ಸಹಿ ಪಡೆಯಿರಿ.

ಮೊದಲು ಹೇಳಿದ ಆ ಊರಿನಲ್ಲಿ ನಾವು ಎರಡನೇ ಸಲ ಹೊರಟಾಗ ಮೂರು ವಾರ ಹಿಡಿಯಿತು. ಸಿಕ್ಕಿದ್ದು 184 ಸಹಿ, ಮುನ್ನೂರಲ್ಲ. ಸಾಹೇಬರು ಮತ್ತೆ ಹಾಳೆ ತಿರುವಿದರು. ಈ ಸಲ ಎಲ್ಲಿಯೂ ಬೆರಳು ನಿಲ್ಲಲಿಲ್ಲ. ಮುಂದಿನ ವಾರ ಸ್ಥಳ ಪರಿಶೀಲನೆಗೆ ಜೀಪು ಬಂತು. ಶಾಲೆಯ ಗೇಟಿನಿಂದ ಅಂಗಡಿಯ ಜಾಗಕ್ಕೆ ಟೇಪು ಹಿಡಿದು ಅಳೆಯುವಾಗ ನಮ್ಮ ಸಂಘದ ಇಪ್ಪತ್ತು ಮಂದಿ ಅಲ್ಲೇ ನಿಂತಿದ್ದೆವು.