ಈ ಸರ್ತಿ ನಮ್ಮೋರಿಗೆ ಬರ್ತೈತಾ ಮೇಷ್ಟ್ರೇ?

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಇನ್ನೇನು ಪ್ರಕಟವಾಗುತ್ತದೆ ಎಂಬ ಸುದ್ದಿ ಬಂದರೆ ಸಾಕು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಹಳೆಯ ಶಿಷ್ಯನೊಬ್ಬ ಫೋನ್ ಮಾಡುತ್ತಾನೆ. ಹಿಂದೆ ಮಗ್ಗದ ಸದ್ದು ಕೇಳುತ್ತಿರುತ್ತದೆ. "ಮೇಷ್ಟ್ರೇ, ಈ ಸರ್ತಿ ನಮ್ಮೋರಿಗೆ ಬರ್ತೈತಾ?" ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅವನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡವನಲ್ಲ. ಊಹೆಗೂ ಒಂದು ಓದು ಬೇಕು.

ಆಸ್ಕರ್ ವಿಷಯದಲ್ಲಿ ಊಹೆ ಸುಲಭ. ಅಲ್ಲಿ ನಾಮನಿರ್ದೇಶನದ ಪಟ್ಟಿ ಮೊದಲೇ ಹೊರಬೀಳುತ್ತದೆ. ಮತ ಹಾಕುವವರು ಸಾವಿರಾರು ಜನ. ಅವರಲ್ಲಿ ಅನೇಕರು ನಟರ, ನಿರ್ದೇಶಕರ, ನಿರ್ಮಾಪಕರ ಸಂಘಗಳಲ್ಲೂ ಇದ್ದಾರೆ, ಆ ಸಂಘಗಳು ಆಸ್ಕರ್‌ಗೆ ಮುಂಚೆಯೇ ತಮ್ಮ ಪ್ರಶಸ್ತಿ ಕೊಟ್ಟುಬಿಡುತ್ತವೆ. ಅದನ್ನು ನೋಡಿದವರಿಗೆ ಗಾಳಿ ಯಾವ ಕಡೆ ಎಂಬುದು ತಿಳಿಯುತ್ತದೆ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಅಂಥ ಪಟ್ಟಿಯೇ ಇಲ್ಲ. ನಿರ್ಮಾಪಕರು ಚಿತ್ರ ಕಳಿಸುತ್ತಾರೆ, ಪ್ರಾದೇಶಿಕ ಸಮಿತಿಗಳು ನೋಡಿ ಆರಿಸುತ್ತವೆ, ದೆಹಲಿಯ ಕೇಂದ್ರ ಸಮಿತಿ ಕೊನೆಯ ಮಾತು ಹೇಳುತ್ತದೆ. ಕೆಲವೇ ಜನ ಒಂದು ಕೋಣೆಯಲ್ಲಿ ಕೂತು ಮಾಡುವ ತೀರ್ಮಾನ. ಹಾಗಾಗಿ ಗಲ್ಲಾಪೆಟ್ಟಿಗೆ, ಕಟೌಟು, ಶಿಳ್ಳೆ ಯಾವುದೂ ಇಲ್ಲಿ ದಿಕ್ಕು ತೋರಿಸುವುದಿಲ್ಲ.

ಮೊದಲು ನೋಡಬೇಕಾದ್ದು ವರ್ಷ. ಚಿತ್ರ ಟಾಕೀಸಿಗೆ ಬಂದ ದಿನ ಇಲ್ಲಿ ಲೆಕ್ಕಕ್ಕಿಲ್ಲ, ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ದಿನವೇ ಲೆಕ್ಕ. 2015ರ ಮಾರ್ಚ್‌ನಲ್ಲಿ 'ನಾನು ಅವನಲ್ಲ... ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ಅತ್ಯುತ್ತಮ ನಟ ಎಂದು ಪ್ರಕಟವಾದಾಗ ಆ ಚಿತ್ರ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಅದು ತೆರೆಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಓದಿದ್ದವರಿಗೆ ಆ ಪಾತ್ರದ ಆಳ ಮೊದಲೇ ಗೊತ್ತಿತ್ತು. ಚಿತ್ರ ನೋಡಲು ಸಿಗದಿದ್ದರೆ ಅದರ ಮೂಲ ಪುಸ್ತಕವನ್ನಾದರೂ ಹಿಡಿಯಬೇಕು ಎಂದು ನಾನು ಹೇಳುವುದು ಇದಕ್ಕೇ. ಆರು ವರ್ಷಕ್ಕೆ, 2021ರಲ್ಲಿ, ರಸ್ತೆ ಅಪಘಾತದಲ್ಲಿ ವಿಜಯ್ ಹೋಗಿಬಿಟ್ಟರು. ನನ್ನ ಶಿಷ್ಯ ಅವತ್ತೂ ಫೋನ್ ಮಾಡಿದ್ದ, ಆದರೆ ಇಬ್ಬರಿಗೂ ಮಾತು ಮುಂದುವರಿಯಲಿಲ್ಲ.

ಮೂಲ ಪುಸ್ತಕದ ಮಾತು ಬಂದರೆ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲೇ ತಳುಕು ಇದೆ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ನಮ್ಮ ತ.ರಾ.ಸು. ಮನೆತನದ ಊರು. ಅವರ 'ಚಂದವಳ್ಳಿಯ ತೋಟ'ವನ್ನು ಟಿ.ವಿ. ಸಿಂಗ್ ಠಾಕೂರ್ 1964ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ಚಿತ್ರ ಮಾಡಿದರು, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 1972ರಲ್ಲಿ ತ.ರಾ.ಸು. ಅವರದೇ ಬರಹದಿಂದ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಬಂತು. ಶೇಂಗಾ ಮಾರಲು ಚಳ್ಳಕೆರೆ ಮಾರುಕಟ್ಟೆಗೆ ಬಂದ ರೈತರು ಗಾಡಿ ಬಿಟ್ಟು ಸಿನಿಮಾಕ್ಕೆ ಹೋಗುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿತ್ರದುರ್ಗದ ಕೋಟೆಯ ಕಲ್ಲುಗಳ ಮೇಲೆ ಓಡಾಡಿದ ಅದರ ನಾಯಕ ರಾಮಾಚಾರಿ ಇವತ್ತಿಗೂ ಈ ಜಿಲ್ಲೆಯ ಮನೆಮಗ. ಆದರೂ ತ.ರಾ.ಸು. ಕಾದಂಬರಿಗೆ ಆ ಪ್ರಶಸ್ತಿ ಮರಳಿ ಬಂದದ್ದು ಜಿ.ವಿ. ಅಯ್ಯರ್ ಮಾಡಿದ 'ಹಂಸಗೀತೆ'ಯಿಂದ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ ಅದು. ಅನಂತನಾಗ್ ನಟಿಸಿದ ಈ ಚಿತ್ರದ ಹಾಡಿಗೆ ಎಂ. ಬಾಲಮುರಳಿಕೃಷ್ಣ ಅತ್ಯುತ್ತಮ ಗಾಯಕರೂ ಆದರು.

'ಹಂಸಗೀತೆ'ಯ ವರ್ಷ 1975. ಊಹೆ ಮಾಡುವವರು ಬಾಯಿಪಾಠ ಮಾಡಬೇಕಾದ ವರ್ಷವಿದು. ಆ ಸಲ ಇಡೀ ದೇಶದ ಅತ್ಯುತ್ತಮ ಚಿತ್ರ ಎಂಬ ಸ್ವರ್ಣಕಮಲ ಬಂದದ್ದೂ ಕನ್ನಡಕ್ಕೇ, ಬಿ.ವಿ. ಕಾರಂತರ 'ಚೋಮನ ದುಡಿ'ಗೆ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟ. ಹಾಗಾದರೆ ಅತ್ಯುತ್ತಮ ಕನ್ನಡ ಚಿತ್ರವೂ ಅದೇ ಆಗಬೇಕಿತ್ತಲ್ಲ ಎಂದು ನನ್ನ ಶಿಷ್ಯ ಕೇಳಿದ್ದ. ರೂಢಿ ಹಾಗಿಲ್ಲ. ಮೇಲಿನ ಪ್ರಶಸ್ತಿಗೆ ಏರಿದ ಚಿತ್ರ ಭಾಷೆಯ ಪ್ರಶಸ್ತಿಯ ಜಾಗ ಬಿಟ್ಟುಕೊಡುತ್ತದೆ, ಅಲ್ಲಿಗೆ ಇನ್ನೊಂದು ಬರುತ್ತದೆ. 2024ರ ಆಗಸ್ಟ್‌ನಲ್ಲಿ 2022ರ ಚಿತ್ರಗಳ ಪ್ರಶಸ್ತಿ ಪ್ರಕಟವಾದಾಗಲೂ ಹೀಗೇ ಆಯಿತು. 'ಕಾಂತಾರ'ಕ್ಕೆ ಅತ್ಯುತ್ತಮ ಜನಪ್ರಿಯ ಚಿತ್ರ, ರಿಷಬ್ ಶೆಟ್ಟಿಗೆ ಅತ್ಯುತ್ತಮ ನಟ. ಕನ್ನಡ ಚಿತ್ರದ ಪ್ರಶಸ್ತಿ ಸಿಕ್ಕಿದ್ದು 'ಕೆಜಿಎಫ್ 2'ಕ್ಕೆ. ಒಂದು ಚಿತ್ರ ಎಲ್ಲಿಗೆ ಏರಬಹುದು ಎಂದು ಮೊದಲು ಅಂದಾಜು ಮಾಡಿ, ಆಮೇಲೆ ಕೆಳಗಿನ ಮೆಟ್ಟಿಲಿಗೆ ಯಾರು ಎಂದು ನೋಡಬೇಕು.

ಇಲ್ಲಿ ಇನ್ನೊಂದು ಮಾತು. ಬಹಳ ಕಾಲ ಕನ್ನಡದ ಊಹೆ ಎಂದರೆ ಸಾಹಿತ್ಯದ ಊಹೆಯೇ ಆಗಿತ್ತು. 'ಸಂಸ್ಕಾರ' ಸ್ವರ್ಣಕಮಲ ತಂದಿತು. ಗಿರೀಶ್ ಕಾಸರವಳ್ಳಿಯವರು 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಎಂದು ನಾಲ್ಕು ಸಲ ಅದನ್ನು ತಂದರು. ಎಲ್ಲವೂ ಕತೆ ಕಾದಂಬರಿಗಳಿಂದ ಹುಟ್ಟಿದವು. ದೊಡ್ಡ ತಾರೆಯರಿಗೆ ಅಲ್ಲಿ ಜಾಗ ಕಡಿಮೆ. ಅಣ್ಣಾವ್ರು ರಾಜ್‌ಕುಮಾರ್ ಅವರಿಗೆ ನಟನೆಗಾಗಿ ಒಮ್ಮೆಯೂ ರಾಷ್ಟ್ರಪ್ರಶಸ್ತಿ ಬರಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಅವರಿಗೆ ಬಂದದ್ದು ಗಾಯನಕ್ಕೆ, 1992ರ 'ಜೀವನ ಚೈತ್ರ'ದ ಹಾಡಿಗೆ. ಅದನ್ನು ಯಾರು ತಾನೇ ಊಹಿಸಿದ್ದರು! ಈಗ 'ಕಾಂತಾರ', 'ಕೆಜಿಎಫ್' ಬಂದ ಮೇಲೆ ಜನ ಮುಗಿಬಿದ್ದು ನೋಡಿದ ಚಿತ್ರವನ್ನೂ ಲೆಕ್ಕದಿಂದ ಬಿಡುವಂತಿಲ್ಲ.

ಆದರೆ ಇಷ್ಟೆಲ್ಲ ಲೆಕ್ಕ ಹಾಕಿದರೂ ನಮ್ಮ ಎರಡು ತಾಲ್ಲೂಕಿನವರ ಊಹೆ ಕುಂಟುವುದು ಒಂದೇ ಕಾರಣಕ್ಕೆ: ಚಿತ್ರಗಳೇ ಇಲ್ಲಿಗೆ ಬರುವುದಿಲ್ಲ. 2025ರ ಆಗಸ್ಟ್ 1ರಂದು ಯಶೋದಾ ಪ್ರಕಾಶ್ ಅವರ 'ಕಂದೀಲು' ಅತ್ಯುತ್ತಮ ಕನ್ನಡ ಚಿತ್ರ ಎಂದು ಪ್ರಕಟವಾದ ದಿನ ನನಗೆ ಬಂದ ಫೋನಿನಲ್ಲಿ ಮೊದಲ ಮಾತೇ "ಅದನ್ನ ಎಲ್ಲಿ ನೋಡೋದು ಮೇಷ್ಟ್ರೇ?" ಎಂಬುದು. ಮೊಳಕಾಲ್ಮೂರಿನ ನೇಕಾರನಿಗೂ ಕೇಳಲು ಹಕ್ಕಿರುವ ಪ್ರಶ್ನೆ ಇದು. ಕರ್ನಾಟಕ ಚಲನಚಿತ್ರ ಅಕಾಡೆಮಿ ಮನಸ್ಸು ಮಾಡಿದರೆ, ಪ್ರಶಸ್ತಿಗೆ ಹೋದ ಕನ್ನಡ ಚಿತ್ರಗಳನ್ನು ನಿರ್ಮಾಪಕರ ಒಪ್ಪಿಗೆ ಪಡೆದು ಫಲಿತಾಂಶಕ್ಕೆ ಮುಂಚೆಯೇ ತಾಲ್ಲೂಕು ಕೇಂದ್ರಗಳಲ್ಲಿ ತೋರಿಸಬಹುದು. ಚಳ್ಳಕೆರೆಯ ಒಂದು ಕಾಲೇಜಿನ ಸಭಾಂಗಣ, ಒಂದು ಪ್ರೊಜೆಕ್ಟರ್, ವರ್ಷಕ್ಕೆ ಒಂದು ವಾರ ಸಾಕು. ಮಗ್ಗಕ್ಕೆ ರಜೆ ಹಾಕಿ ಬರುವವರನ್ನು ಕರೆತರುವ ಜವಾಬ್ದಾರಿ ನನ್ನದು.