ಮಾತ್ರೆಯ ಹಿಂದೊಂದು ರಂಧ್ರಗಳ ಲೋಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಯಾವ ಊರಿನ ಔಷಧಿ ಅಂಗಡಿಯ ಮುಂದಾದರೂ ತುಸು ಹೊತ್ತು ನಿಲ್ಲಿ. ಬಿ.ಪಿ.ಗೆಂದು ಲೋಸಾರ್ಟನ್ ಕೇಳುವವರು ಬಂದೇ ಬರುತ್ತಾರೆ. ನಿಮ್ಮ ಅತ್ತೆಯ ಮಾತ್ರೆ ಡಬ್ಬಿಯಲ್ಲೂ ಅದಿರಬಹುದು. ಬಿಳಿ ಚಿನ್ನದ ಒಡವೆಗೆ ಬೆರೆಸುವ ಪಲ್ಲಾಡಿಯಂ ಎಂಬ ಲೋಹಕ್ಕೂ ಈ ಮಾತ್ರೆಗೂ ನಂಟಿದೆಯೆಂದರೆ ನಂಬುತ್ತೀರಾ?

ಲೋಸಾರ್ಟನ್ ಅಣುವಿನ ನಡುವೆ ಇಂಗಾಲದ ಎರಡು ಉಂಗುರಗಳು ಜೋಡಿಯಾಗಿರುತ್ತವೆ. ಇವನ್ನು ಬೆಸೆಯುವುದು ಸುಲಭವಲ್ಲ. ಪಲ್ಲಾಡಿಯಂ ಎರಡೂ ಕಡೆಯವರನ್ನು ಬಳಿಗೆ ಕರೆದು, ಕೂಡಿಸಿ, ತಾನು ಸರಿದು ನಿಲ್ಲುತ್ತದೆ. ಸಂಬಂಧ ಕುದುರಿಸುವ ಹಿರಿಯಳಂತೆ ಅನ್ನಿ! ಈ ಜೋಡಣೆಯ ವಿದ್ಯೆಗಾಗಿ ರಿಚರ್ಡ್ ಹೆಕ್, ಐಇಚಿ ನೆಗಿಶಿ, ಅಕಿರಾ ಸುಜುಕಿಯವರಿಗೆ 2010ರ ನೊಬೆಲ್ ಬಂತು. ಲೋಸಾರ್ಟನ್ ತಯಾರಿಸುವ ದಾರಿಗಳು ಹಲವು. ಮರ್ಕ್ ಕಂಪೆನಿಯ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ದಾರಿ ಸುಜುಕಿ ಜೋಡಣೆಯದು.

ತೊಂದರೆಯಿರುವುದು ಮುಂದೆ. ಕರಗಿದ ಪಲ್ಲಾಡಿಯಂ ಔಷಧಿಯಲ್ಲೇ ಉಳಿದರೆ? ನುಂಗುವ ಔಷಧಿಯ ಮೂಲಕ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಅದು ದೇಹ ಸೇರಬಾರದೆಂಬುದು ಅಂತಾರಾಷ್ಟ್ರೀಯ ಮಿತಿ. ಅದು ಒಂದು ಗ್ರಾಮಿನ ಹತ್ತು ಸಾವಿರದ ಒಂದು ಪಾಲು. ಅದಕ್ಕೇ ಲೋಹವನ್ನು ರಂಧ್ರಗಳುಳ್ಳ ಇದ್ದಿಲು ಅಥವಾ ಸಿಲಿಕಾದೊಳಗೆ ಕೂರಿಸುತ್ತಾರೆ. ಗಿರಮಿಟ್ ಕಲಸುವಾಗ ಚುರಮುರಿ ಒಗ್ಗರಣೆಯನ್ನು ಹೀರಿಕೊಳ್ಳುವುದಿಲ್ಲವೇ? ಹಾಗೆ ಅಣುಗಳು ರಂಧ್ರಕ್ಕಿಳಿದು, ಜೋಡಿಯಾಗಿ ಹೊರಬರುತ್ತವೆ. ಕೊನೆಗೆ ಚಹಾಪುಡಿಯಂತೆ ಸೋಸಿದರಾಯಿತು. ದುಬಾರಿ ಲೋಹ ಮತ್ತೆ ಬಳಕೆಗೆ.

ಆದರೆ ರಂಧ್ರದ ಅಳತೆ ತಪ್ಪಬಾರದು. ತೀರಾ ಕಿರಿದಾದರೆ ದೊಡ್ಡ ಅಣುಗಳು ಹೊಗಲಾರವು. ಅಗಲವಾದರೆ ಲೋಹದ ಕಣಗಳು ಜಾರಿ ಗಂಟುಗಟ್ಟುತ್ತವೆ. ಹಾಗಾಗಿ ಗೋಡೆಗೆ ಸಾರಜನಕ, ಗಂಧಕದ ಕೊಕ್ಕೆಗಳನ್ನು ಹಾಕಿ ಅವನ್ನು ಹಿಡಿದಿಡುತ್ತಾರೆ.

ಈಗ ಬೇಕಾದ ಅಳತೆಯ ರಂಧ್ರಗಳನ್ನು ಲೋಹ ಮತ್ತು ಸಾವಯವ ಅಣುಗಳಿಂದಲೇ ಕಟ್ಟುತ್ತಾರೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ವಸ್ತುಗಳ ಸಂಶೋಧನೆ ನಡೆದಿದೆ. ಈ ವಿದ್ಯೆಗೆ 2025ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು ಉಮರ್ ಯಾಘಿ. ಜೋರ್ಡಾನಿನ ಅಮ್ಮಾನಿನಲ್ಲಿ, ಫೆಲೆಸ್ತೀನಿ ನಿರಾಶ್ರಿತರ ಕುಟುಂಬದಲ್ಲಿ ಹುಟ್ಟಿದವರು. ದನಗಳೊಂದಿಗೆ ಹಂಚಿಕೊಂಡ ಒಂದೇ ಕೋಣೆಯ ಮನೆ. ತಂದೆತಾಯಿಗೆ ಓದುಬರಹ ಹೆಚ್ಚು ತಿಳಿದಿರಲಿಲ್ಲ. ಹದಿನೈದನೇ ವಯಸ್ಸಿಗೆ ಅಮೆರಿಕಕ್ಕೆ ಹೋದ ಹುಡುಗ ಅವರು.

ಇಷ್ಟಾದರೂ ಪಲ್ಲಾಡಿಯಂ ಮೋಸಗಾರ. ಎಷ್ಟೋ ಸಲ ರಂಧ್ರ ಬಿಟ್ಟು ದ್ರಾವಣದಲ್ಲಿ ಕರಗಿ ಕೆಲಸ ಮಾಡಿ, ಮತ್ತೆ ಏನೂ ತಿಳಿಯದಂತೆ ಒಳಸೇರುತ್ತದೆ. ಅದನ್ನು ಹಿಡಿಯಲು ಜೋಡಣೆ ಅರ್ಧ ನಡೆದಾಗಲೇ, ಬಿಸಿಯಿರುವಾಗಲೇ ಪುಡಿಯನ್ನು ಸೋಸಿ ತೆಗೆಯುತ್ತಾರೆ. ಉಳಿದ ದ್ರಾವಣದಲ್ಲಿ ಜೋಡಣೆ ಮುಂದುವರಿದರೆ ಲೋಹ ಹೊರಬಿದ್ದಿದೆಯೆಂದೇ ಲೆಕ್ಕ. ರಂಧ್ರದ ವಿನ್ಯಾಸವನ್ನು ಮತ್ತೆ ಮೊದಲಿನಿಂದ ಮಾಡಬೇಕು.