ರೆಕಾರ್ಡ್ ಬುಕ್ಕಿನ ಪ್ರೇಮಕಥೆ

ಸಂಜೆ ನಾಲ್ಕಾಯಿತೆಂದರೆ ಹಿಂದೂಪುರದ ಬಸ್‌ಸ್ಟ್ಯಾಂಡು ಕಾಲೇಜು ಹುಡುಗರ ಪಾಲು. ಹುಣಸೆಹಣ್ಣು, ಬೆಲ್ಲದ ವ್ಯಾಪಾರಕ್ಕೆ ಬಂದ ಹಿರಿಯರು ಚೀಲ ಮಡಚಿ ಹೊರಡುವ ಹೊತ್ತಿಗೆ ಸಿಮೆಂಟಿನ ಕಟ್ಟೆಗಳ ಮೇಲೆ ಬ್ಯಾಗು, ಟಿಫಿನ್ ಡಬ್ಬಿ, ರೆಕಾರ್ಡ್ ಬುಕ್ಕುಗಳು ಬಂದು ಕೂರುತ್ತವೆ. ಆ ರೆಕಾರ್ಡ್ ಬುಕ್ಕನ್ನು ಸ್ವಲ್ಪ ನೋಡಿ. ಕಂದು ಕಾಗದದ ಹೊದಿಕೆ, ಅಂಚಿನಲ್ಲಿ ಸ್ಕೆಚ್ ಪೆನ್ನಿನ ಹೂಬಳ್ಳಿ, ಒಳಗೆ ಗೆರೆ ತಪ್ಪದ ಚಿತ್ರಗಳು. ಹುಡುಗಿ ಅದನ್ನು ಕೈಗಿಡುತ್ತಾ, ‘ಸೋಮವಾರ ತಂದ್‌ಕೊಡ್ಬೇಕು, ಆಯ್ತಾ?’ ಅನ್ನುತ್ತಾಳೆ. ಹುಡುಗ, ‘ಸರೇ, ತಪ್ಪಕುಂಡಾ ತೆಸ್ತಾ’ ಅನ್ನುತ್ತಾನೆ. ಅವಳು ಕನ್ನಡ, ಅವನು ತೆಲುಗು. ಇಬ್ಬರಿಗೂ ಇದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ಅಷ್ಟರಲ್ಲಿ ಮಡಕಶಿರಾ ಕಡೆಯ ‘ಪಲ್ಲೆವೆಲುಗು’ ಎಂಬ ಹಳ್ಳಿ ಬಸ್ಸು ಬಂದು ನಿಲ್ಲುತ್ತದೆ. ಸೀಟು ಹಿಡಿಯಲು ಕಿಟಕಿಯಿಂದ ಕರ್ಚೀಫು ಹಾರುತ್ತದೆ.

ಈ ಸೀಮೆಯ ನಕ್ಷೆಯೇ ವಿಚಿತ್ರ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಆಂಧ್ರದ ಊರುಗಳು. ಆದರೆ ಮಡಕಶಿರಾ ದಾಟಿ ನೇರ ದಾರಿ ಹಿಡಿದರೆ ನಡುವೆ ತುಮಕೂರು ಜಿಲ್ಲೆಯ ಪಾವಗಡ ಬರುತ್ತದೆ. ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಮತ್ತೆ ಹಿಂದಿನಂತಾಗುತ್ತದೆ. ನೆಲ ಮಾತ್ರ ಬದಲಾಗುವುದಿಲ್ಲ. ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ ಹೊಲ, ಅದೇ ಗುಂಡುಬಂಡೆಯ ಗುಡ್ಡಗಳು. 1953ರಲ್ಲಿ ಆಂಧ್ರ ರಾಜ್ಯವಾದಾಗ ಈ ಕಡೆಯ ಕನ್ನಡದ ಹಳ್ಳಿಗಳು ಅಲ್ಲೇ ಉಳಿದವು. ಅಮರಾಪುರ, ರೊಳ್ಳ, ಅಗಳಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹತ್ತನೇ ತರಗತಿ ಮುಗಿಸಿ ‘ಇಂಟರ್’ ಸೇರುವಾಗ ತೆಲುಗಿನವರ ನಡುವೆ ಬಂದು ಕೂರುತ್ತಾರೆ. ನೋಟೀಸ್ ಬೋರ್ಡು ಓದಿಸಿಕೊಳ್ಳಲು ಪಕ್ಕದವರ ಸಹಾಯ ಬೇಕು. ಸಹಾಯ ಕೇಳಿದರೆ ಸ್ನೇಹ, ಸ್ನೇಹವಾದರೆ ಮುಂದಿನ ಕಥೆ. ನಗುವೂ ಪ್ರೀತಿಯೂ ಇಷ್ಟು ಸಹಜವಾಗಿ ಹುಟ್ಟುವ ಜಾಗ ಕಥೆಗಾರನಿಗೆ ಸುಲಭಕ್ಕೆ ಸಿಗುವುದಿಲ್ಲ.

ಸಿನಿಮಾ ಹುಚ್ಚಿಗಂತೂ ಹಿಂದೂಪುರದಲ್ಲಿ ಬರವಿಲ್ಲ. ನಟ ಎನ್‌.ಟಿ. ರಾಮರಾವ್ ಅವರನ್ನು ಶಾಸಕರನ್ನಾಗಿ ಆರಿಸಿ ಕಳಿಸಿದ ಊರು ಇದು. 2014ರಿಂದ ಅವರ ಮಗ, ನಟ ಬಾಲಕೃಷ್ಣ ಇಲ್ಲಿನ ಶಾಸಕರು. ನಾಯಕ ತೊಡೆ ತಟ್ಟಿದರೆ ಥಿಯೇಟರಿನಲ್ಲಿ ಕಾಗದದ ಚೂರು ಹಾರುತ್ತದೆ. ಆದರೆ ಕಟ್ಟೆಯ ಮೇಲೆ ರೆಕಾರ್ಡ್ ಬುಕ್ಕು ಹಿಡಿದು ಕೂತ ಹುಡುಗನನ್ನು ತೋರಿಸಲು ಅಂಥ ನಾಯಕ ಬೇಕಿಲ್ಲ.

ಕಾಲೇಜಿನ ಕಥೆಗಳು ಈ ಗಡಿಯನ್ನು ಎರಡೂ ಕಡೆಯಿಂದ ದಾಟಿವೆ. ಶೇಖರ್ ಕಮ್ಮುಲ ಅವರ 2007ರ ‘ಹ್ಯಾಪಿ ಡೇಸ್’ ಕನ್ನಡಕ್ಕೆ ಬಂದು 2009ರಲ್ಲಿ ‘ಜಾಲಿ ಡೇಸ್’ ಆಯಿತು. ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣಗೊಂಡ ‘ಕಿರಿಕ್ ಪಾರ್ಟಿ’ 2016ರ ಕೊನೆಗೆ ಬಂದು, 2018ರಲ್ಲಿ ತೆಲುಗಿನ ‘ಕಿರ್ರಾಕ್ ಪಾರ್ಟಿ’ಯಾಯಿತು. ಎರಡು ಸಲವೂ ಕಥೆ ಒಂದು ಭಾಷೆಯನ್ನು ಪೂರ್ತಿ ಕಳಚಿಟ್ಟು ಇನ್ನೊಂದನ್ನು ಪೂರ್ತಿ ತೊಟ್ಟುಕೊಂಡಿತು. ಎರಡೂ ಭಾಷೆ ಒಂದೇ ಬೆಂಚಿನಲ್ಲಿ ಕೂರುವ ಕಾಲೇಜು ಆ ಚಿತ್ರಗಳ ದಾರಿಯಲ್ಲಿ ಸಿಗಲಿಲ್ಲ.

ದಾರಿ ತೋರಿಸಿದ್ದು 2021ರ ‘ಸಿನಿಮಾ ಬಂಡಿ’. ಪ್ರವೀಣ್ ಕಂಡ್ರೇಗುಲ ನಿರ್ದೇಶನದ, ರಾಜ್ ಮತ್ತು ಡಿ.ಕೆ. ನಿರ್ಮಾಣದ ಈ ಪುಟ್ಟ ಚಿತ್ರದಲ್ಲಿ ವೀರಬಾಬು ಎಂಬ ಆಟೋದವನಿಗೆ ಯಾರೋ ಮರೆತುಹೋದ ಕ್ಯಾಮೆರಾ ಸಿಗುತ್ತದೆ. ಮದುವೆ ಫೋಟೋ ತೆಗೆಯುವ ಗಣಪತಿಯನ್ನು ಜೊತೆ ಹಾಕಿಕೊಂಡು ಅವನು ಪ್ರೇಮಕಥೆಯೊಂದನ್ನು ತೆಗೆಯಲು ಹೊರಡುತ್ತಾನೆ. ಕ್ಷೌರದಂಗಡಿಯವನೇ ನಾಯಕ. ಗಡಿಭಾಗದ ಹಳ್ಳಿ, ಹೆಚ್ಚಾಗಿ ಹೊಸ ಮುಖಗಳು, ಅಲ್ಲಿನ ಜನ ಆಡುವ ತೆಲುಗನ್ನೇ ಆಡುವ ಪಾತ್ರಗಳು. ತಾರೆಯರಿಲ್ಲದ ಈ ಚಿತ್ರವನ್ನು ನೆಟ್‌ಫ್ಲಿಕ್ಸ್‌ನಲ್ಲಿ ದೂರದೂರದವರು ನೋಡಿದರು. ಪಾತ್ರಗಳ ಆ ಆಡುಮಾತನ್ನು ಯಾರೂ ‘ಶುದ್ಧ’ ಮಾಡದೆ ಬಿಟ್ಟದ್ದೇ ಚಿತ್ರದ ದೊಡ್ಡ ಬಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ಧೈರ್ಯ ಕಾಲೇಜಿನ ಗೇಟಿನೊಳಗೂ ಬರಬೇಕು. ಸೆಟ್ ಹಾಕುವ ಖರ್ಚಿಲ್ಲ. ಭಾನುವಾರ ಗೆಳೆಯರ ಗುಂಪು ಹೋಗಲು ಹದಿನೈದು ಕಿಲೋಮೀಟರ್ ದೂರದಲ್ಲಿ ಲೇಪಾಕ್ಷಿ ಇದೆ. ಅಲ್ಲಿ ನೆಲಕ್ಕೆ ಪೂರ್ತಿ ತಾಗದ ಕಂಬದಡಿ ದುಪಟ್ಟಾ ತೂರಿಸಿ ಇನ್ನೊಂದು ಕಡೆಯಿಂದ ಎಳೆಯುವ ಆಟವಿದೆ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ, ಸುತ್ತ ಗೆಳತಿಯರ ಕೇಕೆ. ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ರೈಲು ಹತ್ತಬೇಕಾದ ಅನಿವಾರ್ಯತೆಯಿದೆ. ಕಲ್ಯಾಣದುರ್ಗದ ಹಳ್ಳಿಯಲ್ಲಿ ಮಳೆ ಬಾರದ ಹೊಲವಿದೆ, ಮಗಳ ಮದುವೆಗೆ ಅವಸರ ಮಾಡುವ ಅಪ್ಪನಿದ್ದಾನೆ. ನಗಿಸುವುದಕ್ಕೂ ಕಣ್ಣು ಒದ್ದೆ ಮಾಡುವುದಕ್ಕೂ ಬೇಕಾದ್ದೆಲ್ಲ ಇಲ್ಲೇ ಇದೆ.

ಕೈಯಲ್ಲಿ ಕ್ಯಾಮೆರಾ ಹಿಡಿದ ಈ ಸೀಮೆಯ ಹುಡುಗ ಹುಡುಗಿಯರಲ್ಲಿ ಒಂದೇ ಕೋರಿಕೆ. ನಿಮ್ಮ ಕಾಲೇಜಿನ ಕಥೆ ತೆಗೆಯುವಾಗ ಅವಳ ಕನ್ನಡವನ್ನೂ ಅವನ ತೆಲುಗನ್ನೂ ಇದ್ದ ಹಾಗೇ ಬಿಡಿ. ಡಬ್ಬಿಂಗ್ ಮಾಡಬೇಡಿ, ಅರ್ಥವಾಗದವರಿಗೆ ಅಡಿಬರಹ ಕೊಟ್ಟರೆ ಸಾಕು.